ಹನ್ನೊಂದು ತಿಂಗಳ ಫಿಲ್ಟರು

ದುರ್ಗಿಗುಡಿಯ ಆ ನಾಲ್ಕಂತಸ್ತಿನ ಕಾಂಪ್ಲೆಕ್ಸಿಗೆ
ಕಿಟಕಿಗಳುಂಟು, ತೆರೆಯುವುದಿಲ್ಲ.
ನೀಲಿ ಗಾಜು. ಹೊರಗಿನವರಿಗೆ ತಮ್ಮ ಮುಖವೇ ಕಾಣುತ್ತದೆ,
ಸ್ಕೂಟರು ನಿಲ್ಲಿಸಿ ಬೈತಲೆ ತಿದ್ದಿಕೊಂಡು ಹೋಗುತ್ತಾರೆ.
ಒಳಗಿನ ಇನ್ನೂರು ಮಂದಿಯ ಉಸಿರು
ತಾರಸಿಯ ತಗಡಿನ ಕೋಣೆಯಲ್ಲಿದೆ,
ನನ್ನ ಸ್ಪ್ಯಾನರಿನ ಅಂಕೆಯಲ್ಲಿ.

ಮಾಲೀಕ ಹಾಲಸ್ವಾಮಿಯವರು ಪ್ರತಿ ಬಿಲ್ಲಿಗೂ ನಗುತ್ತಾರೆ:
"ಮಲೆನಾಡಿನ ಬಾಗಿಲಲ್ಲಿ ಕೂತು ಗಾಳಿ ಸೋಸೋದೇನಯ್ಯಾ,
ಸಮುದ್ರದ ದಂಡೇಲಿ ಉಪ್ಪು ಕೊಂಡ ಹಾಗೆ."
ಆಗುಂಬೆಯಿಂದ ಗಾಳಿ ನೇರ ಇಲ್ಲಿಗೇ ಬರುತ್ತದೆಂದು ಅವರ ಲೆಕ್ಕ,
ನಡುವೆ ಬಸ್ ಸ್ಟ್ಯಾಂಡೇ ಇಲ್ಲವೆಂಬಂತೆ.

ಇವತ್ತು ಗೇಜಿನ ಸೂಜಿ ಕೆಂಪು ಮುಟ್ಟಿ ನಡುಗುತ್ತಿತ್ತು.
ಒದ್ದೆ ಕಂಬಳಿಯೊಳಗಿಂದ ಉಸಿರೆಳೆದ ಹಾಗೆ
ಫ್ಯಾನು ಏದುತ್ತಿತ್ತು.
ಹುಡುಗ ಮುಜಮ್ಮಿಲ್ ಟಾರ್ಚು ಹಿಡಿದ,
ನಾನು ಬಾಗಿಲ ತಿರುಪು ಬಿಚ್ಚಿ ಎಳೆದೆ.

ಹಾಕುವಾಗ ಬಿಳಿಯಿತ್ತು.
ಅಂಚಿಗೆ ಮಾರ್ಕರಿನಲ್ಲಿ ತಾರೀಖು ಬರೆದಿದ್ದೆ.
ಈಗ ಎಮ್ಮೆ ಬೆನ್ನಿನ ಬಣ್ಣ, ತಾರೀಖು ಅದರಡಿಗೆಲ್ಲೋ.

ಉಗುರಲ್ಲಿ ಕೆರೆದೆ. ಕಟ್ಟಡವೇ ಉದುರಿತು:
ಜವಳಿ ಮಳಿಗೆಯಲ್ಲಿ ಥಾನು ಕೊಡವಿದ ನೂಲು,
ಮೊದಲ ಮಹಡಿಯ ಟ್ಯೂಷನ್ನಿನ ಸೀಮೆಸುಣ್ಣ
(ಉತ್ತರ ಯಾವುದೋ ಪ್ರಶ್ನೆ ಯಾವುದೋ, ಪುಡಿ ಒಂದೇ),
ಯಾರದೋ ಉದ್ದ ಕೂದಲು, ಸೊಳ್ಳೆ ರೆಕ್ಕೆ,
ಕ್ಯಾಷ್ ಕೌಂಟರಿನ ಊದುಬತ್ತಿಯ ಜಿಡ್ಡು.
"ಅಣ್ಣಾ, ಇದನ್ನೆಲ್ಲ ಅವರು ಕುಡೀತಿದ್ರಾ?" ಅಂದ ಮುಜಮ್ಮಿಲ್.
ಇಲ್ಲ ಕಣೋ, ಇದು ಕುಡಿಯದೆ ಉಳಿದದ್ದು,
ಅಂದೆ, ತುಸು ಜಂಬದಿಂದಲೇ.

ಆಗ ಟಾರ್ಚಿನ ಬೆಳಕು ಚೌಕಟ್ಟಿನ ಮೂಲೆಗೆ ಜಾರಿತು.

ಬೆರಳು ತೂರುವಷ್ಟು ಸಂದು.
ಹೋದ ಸಲ ರಬ್ಬರು ಪಟ್ಟಿ ಮೊಳದಷ್ಟು ಸಾಲದೆ ಬಂದಿತ್ತು.
ನಾಳೆ ತಂದು ಅಂಟಿಸಿದರಾಯಿತೆಂದು ಬಾಗಿಲು ಮುಚ್ಚಿದವನು ನಾನು.
ಆ ನಾಳೆಗೆ ಈಗ ಹನ್ನೊಂದು ತಿಂಗಳು.
ಗಾಳಿಯಷ್ಟು ಸೋಮಾರಿ ಇನ್ನೊಂದಿಲ್ಲ,
ಬಾಗಿಲಿಗೆ ಕಾವಲಿಟ್ಟರೆ ಬೇಲಿ ಮುರಿದಲ್ಲಿ ನುಗ್ಗುವ ಕರು.
ಸಂದಿನಾಚೆ ಡಕ್ಟಿನ ಗೋಡೆಗೆ
ಕಪ್ಪು ಗೆರೆ, ನೇರ, ಮೂರನೇ ಮಹಡಿಯ ಕಡೆಗೆ.

ಮೂರನೇ ಮಹಡಿಯಲ್ಲಿ ಫೈನಾನ್ಸ್ ಆಫೀಸು,
ಅಲ್ಲಿ ಜಾಲರಿಯ ಕೆಳಗಿನ ಕುರ್ಚಿ ಫಿಲೋಮಿನಾ ಮೇಡಮ್ಮಿನದು.
ಮಧ್ಯಾಹ್ನ ಮೂರಾದರೆ ಅವರ ಕೆಮ್ಮು ಲಿಫ್ಟಿನವರೆಗೆ ಕೇಳುತ್ತದೆ.
ಡಾಕ್ಟರು ಅಲರ್ಜಿಯೆಂದರು. ಸೋಪು ಬದಲಿಸಿದರು, ದಿಂಬು ಬದಲಿಸಿದರು,
ಕಡೆಗೆ ಏಳು ವರ್ಷ ಸಾಕಿದ ಬೆಕ್ಕನ್ನು
ತೂತು ಮಾಡಿದ ಬಟ್ಟೆ ಡಬ್ಬದಲ್ಲಿ ಕೂರಿಸಿ
ಭದ್ರಾವತಿಯ ತಂಗಿಯ ಮನೆಗೆ ಬಿಟ್ಟು ಬಂದರು.
"ಮನೇಲಿ ಕೆಮ್ಮೇ ಇಲ್ಲ ನೋಡಿ, ಬೆಕ್ಕಿದ್ದಾಗಲೂ ಇರಲಿಲ್ಲ"
ಎಂದು ನನಗೇ ಹೇಳಿದ್ದರು, ನಾನು ಹೌದೇ ಅಂದಿದ್ದೆ.

ಮುಜಮ್ಮಿಲ್‌ನನ್ನು ಪಟ್ಟಿ ತರಲು ಓಡಿಸಿದೆ.
ಸುತ್ತಲೂ ಅಂಟಿಸಿದೆ, ಹೆಬ್ಬೆರಳು ನೋಯುವಷ್ಟು ಒತ್ತಿ.
ಕರೆಂಟು ಉಳಿಸಲೆಂದು ಯಾರೋ ತಂತಿ ಬಿಗಿದಿದ್ದ
ಹೊಸ ಗಾಳಿಯ ತಗಡುಬಾಗಿಲನ್ನೂ ಬಿಚ್ಚಿದೆ.
ಫಿಲ್ಟರು ಧೂಳು ಹಿಡಿದೀತು, ಹಳಸಿದ ಉಸಿರನ್ನು ಹಿಡಿಯದು,
ಅದನ್ನು ಹೊರಗೆ ಕಳಿಸಲೇಬೇಕು.
ಒಳಬಂದದ್ದು ಆಗುಂಬೆಯೇನಲ್ಲ:
ಕೆಳಗಿನ ಗಾಡಿಯ ಮೆಣಸಿನಕಾಯಿ ಬೋಂಡ, ಡೀಸೆಲ್ಲು,
ಎಲ್ಲೋ ಬಿದ್ದ ನಾಲ್ಕು ಹನಿಯ ಮಣ್ಣು.
ಸೂಜಿ ಇಳಿದು ಹಸಿರಲ್ಲಿ ಕೂತಿತು.

ಹಾಲಸ್ವಾಮಿಯವರ ಮೇಜಿನ ಮೇಲೆ
ಆ ಎಮ್ಮೆಬಣ್ಣದ್ದನ್ನು ಪೇಪರು ಹಾಸಿ ಇಟ್ಟೆ.
ಅವರು ಕರ್ಚೀಫು ಮೂಗಿಗೊತ್ತಿಕೊಂಡರು.
ಈ ಸಲ ನಗಲಿಲ್ಲ, ಬಿಲ್ಲು ಎಷ್ಟೆಂದೂ ಕೇಳಲಿಲ್ಲ.
ಸಂದಿನ ವಿಷಯ ನಾನೂ ಹೇಳಲಿಲ್ಲ.

ಮೂರನೇ ಮಹಡಿಯಲ್ಲಿ ಇಳಿದೆ. ಹೇಳಬೇಕೆಂದೇ ಇಳಿದೆ.
ಮೇಡಮ್ಮು ರಸೀದಿ ಹರಿಯುತ್ತಿದ್ದರು.
"ಬೆಕ್ಕು ಹೇಗಿದೆ?" ಎಂದೆ.
"ಅಲ್ಲೇ ಹೊಂದಿಕೊಂಡಿದೆಯಂತೆ," ಅಂದರು,
"ನನ್ನ ತಂಗಿಯ ಮಡಿಲು ಬಿಟ್ಟು ಏಳೋದಿಲ್ಲವಂತೆ."
ಮೇಲೆ ಜಾಲರಿ ಸಣ್ಣಗೆ ಸುಯ್ಯೆನ್ನುತ್ತಿತ್ತು.
ಗಡಿಯಾರದಲ್ಲಿ ಮೂರೂ ಐದು.
ನಿಂತೇ ಇದ್ದೆ, ಅವರ ಕೆಮ್ಮಿಗೆ ಕಾಯುತ್ತ.